ಎಡಗಾಲಿನ ವಿಚಾರ: ಪಿಕಪ್ ಕೊಂಡ ಅಳಿಯನಿಗೆ ಮಾವನ ಪತ್ರ

ಕಳಸ,
ಮೇ ತಿಂಗಳ ಕೊನೆಯ ವಾರ

ಚಿರಂಜೀವಿ ಪ್ರಸನ್ನನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ನೀನು ತೋಟದ ಕೆಲಸಕ್ಕೆಂದು ಫೋರ್ ವೀಲ್, ಅಂದರೆ ಇಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುವ ಏರ್ಪಾಡು, ಇರುವ ಹಳೆಯ ಪಿಕಪ್ ಕೊಂಡಿರುವುದಾಗಿಯೂ, ಮಳೆ ಹಿಡಿಯುವುದರೊಳಗೆ ಅದನ್ನು ಮೇಲಿನ ತೋಟದವರೆಗೆ ಹತ್ತಿಸಿ ನೋಡುವ ಯೋಚನೆ ನಿನಗಿರುವುದಾಗಿಯೂ ಅಕ್ಕ ಫೋನಿನಲ್ಲಿ ಹೇಳಿದಳು. ಬೆಂಗಳೂರಿನಲ್ಲಿ ಎಂಟು ವರ್ಷ ಕಾರು ಓಡಿಸಿದವನಿಗೆ ಸ್ಟೇರಿಂಗ್ ಹಿಡಿಯುವುದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಆ ಎಂಟು ವರ್ಷಗಳಲ್ಲಿ ನಿನ್ನ ಎಡಗಾಲಿಗೆ ಅಂಟಿದ ಅಭ್ಯಾಸದ ಬಗ್ಗೆ ನನಗೆ ಅಂಜಿಕೆಯಿದೆ. ಪೇಟೆಯಲ್ಲಿ ಎದುರಿಗೆ ಏನಾದರೂ ಅಡ್ಡ ಬಂದರೆ ಕಾಲು ತಾನಾಗಿಯೇ ಕ್ಲಚ್ಚಿನ ಮೇಲೆ ಹೋಗುತ್ತದೆ. ಅಲ್ಲಿ ಅದು ತಪ್ಪೂ ಅಲ್ಲ. ಘಟ್ಟದ ಮಣ್ಣುದಾರಿಯಲ್ಲಿ ಅದೇ ಕೆಲಸ ಮಾಡಿದರೆ ಇಂಜಿನ್ನಿಗೂ ಚಕ್ರಕ್ಕೂ ಇದ್ದ ಸಂಬಂಧ ಆ ಕ್ಷಣವೇ ಕಡಿದುಹೋಗಿ, ಏರಿನಲ್ಲಿ ಗಾಡಿ ನಿಂತು ಹಿಂದಕ್ಕೆ ಜಾರುತ್ತದೆ, ಇಳಿಜಾರಿನಲ್ಲಿ ಓಟ ಕಟ್ಟುತ್ತದೆ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡೇ. ಜೀಪು ಕೊಂಡ ಮೊದಲ ಮಳೆಗಾಲದಲ್ಲಿ, ಹಿಂದೆ ಆರು ಮೂಟೆ ಗೊಬ್ಬರ ಹಾಕಿಕೊಂಡು ನಮ್ಮ ಹಳ್ಳದ ಕಡೆಯ ಇಳುಕಲಿನಲ್ಲಿ ಬರುತ್ತಿದ್ದಾಗ ಹಿಂಬದಿ ಸ್ವಲ್ಪ ಜಾರಿತು. ಗಾಬರಿಯಿಂದ ಕ್ಲಚ್ಚನ್ನೂ ಬ್ರೇಕನ್ನೂ ಒಟ್ಟಿಗೆ ತುಳಿದೆ. ನಾಲ್ಕು ಚಕ್ರಗಳೂ ತಿರುಗುವುದನ್ನು ನಿಲ್ಲಿಸಿದವು, ಗಾಡಿ ಮಾತ್ರ ನಿಲ್ಲಲಿಲ್ಲ. ಕೆಂಪು ಜೇಡಿಯ ಮೇಲೆ ಸೋಪಿನ ತುಂಡಿನ ಹಾಗೆ ಜಾರುತ್ತ ಹೋಗಿ ಧರೆಗೆ, ಅಂದರೆ ದಾರಿಪಕ್ಕದ ಮಣ್ಣಿನ ಗೋಡೆಗೆ, ಮುಖ ಕೊಟ್ಟಿತು. ಎಡಗಡೆಗೆ ಧರೆಯಿದ್ದುದರಿಂದ ಇವತ್ತು ಈ ಪತ್ರ ಬರೆಯುತ್ತಿದ್ದೇನೆ; ಬಲಗಡೆಗೆ ಏನಿತ್ತೆಂಬುದು ಆ ದಾರಿ ಕಂಡ ನಿನಗೆ ಗೊತ್ತು. ತಿರುಗದ ಚಕ್ರ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಆದ್ದರಿಂದ ಇಳಿಜಾರಿಗೆ ಮೂತಿ ಹಾಕುವ ಮೊದಲೇ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಲೋ ಗೇರಿಗೆ (ಎಲ್ಲ ಗೇರುಗಳನ್ನೂ ಇನ್ನಷ್ಟು ನಿಧಾನ ಮಾಡುವ, ಫೋರ್ ವೀಲ್ ಗಾಡಿಯ ಬೇರೆ ಏರ್ಪಾಡಿಗೆ) ಹಾಕಿ, ಒಂದನೆಯ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಎಡಗಾಲನ್ನು ಕೆಳಗೆ ನೆಲದ ಮೇಲಿಡು. ಇಂಜಿನ್ನೇ ನಾಲ್ಕೂ ಚಕ್ರಗಳನ್ನು ಸಮನಾಗಿ ತಡೆಹಿಡಿದು ಇಳಿಸುತ್ತದೆ. ಹಿಂಬದಿ ಜಾರತೊಡಗಿದರೆ, ಮನಸ್ಸು ಬೇಡವೆಂದರೂ, ಆಕ್ಸಿಲರೇಟರನ್ನು ಒಂದಿಷ್ಟೇ ಒತ್ತು. ಚಕ್ರದ ಓಟವೂ ಗಾಡಿಯ ಓಟವೂ ಒಂದಾದಾಗ ಹಿಡಿತ ಮರಳಿ ಬರುತ್ತದೆ.

ಲೋ ಗೇರಿನ ಬಗ್ಗೆ ನಮ್ಮ ಹುಡುಗರಿಗೆ ಒಂದು ವಿಚಿತ್ರ ಬಿಂಕವಿದೆ. ಅದನ್ನು ಹಾಕಿದರೆ ಸೋತಂತೆ ಎಂದು ತಿಳಿದು ಹೂತುಹೋದ ಮೇಲೆ ಹಾಕುತ್ತಾರೆ. ಅದು ಹೂಳುವ ಮೊದಲು ಹಾಕಬೇಕಾದದ್ದು. ಲೋನಲ್ಲಿ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ಕಡಿಮೆಯಾಗಿ, ಎಳೆಯುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ; ಆಗ ಹಾಫ್ ಕ್ಲಚ್ಚಿನಲ್ಲಿ, ಅಂದರೆ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು, ಗಾಡಿಯನ್ನು ತೆವಳಿಸುವ ಅಗತ್ಯವೇ ಬರುವುದಿಲ್ಲ. ಕಲ್ಲಿನ ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ಹತ್ತಿದರೆ ಸುಟ್ಟ ವಾಸನೆ ಬರುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ. ಆ ವಾಸನೆ ಬಂತೆಂದರೆ ಗಾಡಿ ನಿಲ್ಲಿಸಿ ಎಲೆಯಡಿಕೆ ಹಾಕಿಕೊಂಡು ಅರ್ಧ ಗಂಟೆ ಕುಳಿತುಕೋ. ಆದರೆ ಒಣ ಡಾಂಬರಿಗೆ ಬಂದ ಕೂಡಲೇ ಫೋರ್ ವೀಲ್ ಬಿಡಿಸಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡುತ್ತವೆ. ನಿನ್ನ ಗಾಡಿಯಂಥವುಗಳಲ್ಲಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುವ ಏರ್ಪಾಡು ನಡುವೆ ಇರುವುದಿಲ್ಲ. ಕೆಸರಿನಲ್ಲಿ ಟೈರು ಜಾರಿ ಅದು ಸರಿಹೋಗುತ್ತದೆ, ಡಾಂಬರಿನಲ್ಲಿ ಗೇರಿನ ಹಲ್ಲುಗಳು ಬಿಗಿದುಕೊಳ್ಳುತ್ತವೆ.

ಏರಿನ ವಿಷಯದಲ್ಲಿ ಮೊದಲು ಇಳಿದು ನಡೆದು ನೋಡು. ಯಾವ ಗೇರಿನಲ್ಲಿ ತುದಿ ಮುಟ್ಟಬಹುದೆಂದು ಬುಡದಲ್ಲಿಯೇ ತೀರ್ಮಾನಿಸು, ಲೋ ಎರಡೋ ಒಂದೋ, ನಡುವೆ ಬದಲಿಸಬೇಡ. ಅಷ್ಟಾದರೂ ಒಂದು ದಿನ ಅರ್ಧ ಏರಿನಲ್ಲಿ ಇಂಜಿನ್ ನಿಂತೇ ನಿಲ್ಲುತ್ತದೆ. ಆಗ ಮಾಡಬೇಕಾದದ್ದನ್ನು ಬಿಡಿಸಿ ಬರೆಯುತ್ತೇನೆ. ಇದನ್ನು ಎರಡು ಸಲ ಓದು. ಬಲಗಾಲಿನಿಂದ ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ತುಳಿದು ಹಿಡಿ, ಹ್ಯಾಂಡ್‌ಬ್ರೇಕ್ ಎಳೆ. ಬ್ರೇಕನ್ನು ಮತ್ತೆ ಮತ್ತೆ ತುಳಿಯಬಾರದು, ಏಕೆಂದರೆ ಇಂಜಿನ್ ನಿಂತ ಮೇಲೆ ಬ್ರೇಕಿಗೆ ಬಲ ಕೂಡಿಸುವ ಬೂಸ್ಟರಿನಲ್ಲಿ ಉಳಿದಿರುವ ಸಹಾಯ ಎರಡು ಮೂರು ತುಳಿತಕ್ಕೆ ಮುಗಿದು ಪೆಡಲು ಕಲ್ಲಾಗುತ್ತದೆ. ಇಂಜಿನ್ನನ್ನು ಆಗಲೇ ಚಾಲೂ ಮಾಡಲು ಹೋಗದೆ, ಕ್ಲಚ್ ತುಳಿದು ರಿವರ್ಸ್ ಹಾಕಿ, ಕ್ಲಚ್ಚನ್ನು ಪೂರ್ತಿ ಬಿಡು. ಈಗ ನಿಂತ ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿರುತ್ತದೆ. ಉಸಿರು ಬಿಟ್ಟು ಎರಡೂ ಕನ್ನಡಿ ನೋಡು, ಮುಂದಿನ ಚಕ್ರಗಳು ನೇರವಾಗಿವೆಯೇ ಎಂದು ಕೆಳಗೆ ಬಗ್ಗಿ ಖಚಿತಮಾಡಿಕೋ. ಹ್ಯಾಂಡ್‌ಬ್ರೇಕ್ ಇಳಿಸಿ, ಕಾಲಿನ ಬ್ರೇಕನ್ನು ಮೆಲ್ಲನೆ ಸಡಿಲಿಸುತ್ತ, ಕ್ಲಚ್ ಮುಟ್ಟದೆಯೇ ಕೀಲಿ ತಿರುಗಿಸು. ಸ್ಟಾರ್ಟರು ಗೇರಿನಲ್ಲಿಯೇ ಗಾಡಿಯನ್ನು ಒಂದು ಗೇಣು ಸರಿಸುವಷ್ಟರಲ್ಲಿ ಇಂಜಿನ್ ಹಿಡಿದುಕೊಳ್ಳುತ್ತದೆ. ಬಂದ ಜಾಡಿನಲ್ಲಿಯೇ ನೇರವಾಗಿ ಹಿಂದಕ್ಕೆ ಇಳಿದು ಬಾ. ಕ್ಲಚ್ ತುಳಿದರೆ ಮಾತ್ರ ಚಾಲೂ ಆಗುವ ಗಾಡಿಗಳೂ ಇವೆ. ನಿನ್ನದು ಯಾವ ಬಗೆಯೆಂಬುದನ್ನು ಅಂಗಳದಲ್ಲಿ, ಎದುರಿಗೆ ಯಾರೂ ಇಲ್ಲದಾಗ ಪರೀಕ್ಷಿಸು. ಅಂಥದಾದರೆ ಕೀಲಿ ತಿರುಗಿಸಿ ಕ್ಲಚ್ ಬಿಡುವವರೆಗೂ ಬ್ರೇಕಿನ ಬಲದಲ್ಲಿಯೇ ನಿಲ್ಲಬೇಕಾಗುತ್ತದೆ. ಏನೇ ಆದರೂ ಏರಿನ ನಡುವೆ ಗಾಡಿಯನ್ನು ಅಡ್ಡ ತಿರುಗಿಸಿ ವಾಪಸು ಬರುವ ಸಾಹಸ ಮಾತ್ರ ಮಾಡಬೇಡ. ಉರುಳಿದ ಗಾಡಿಗಳು ಬಹುಪಾಲು ಹಾಗೆಯೇ ಉರುಳಿದ್ದನ್ನು ನಾನು ಕಂಡಿದ್ದೇನೆ.

ಹಳ್ಳ ದಾಟುವಾಗಲೂ ಇದೇ ಎಡಗಾಲಿನ ನಿಯಮ. ಮೊದಲು ಪಂಚೆ ಎತ್ತಿ ಕಟ್ಟಿ, ಕೋಲು ಹಿಡಿದು ನೀನೇ ದಾಟಿ ನೋಡು. ನೀರು ಮೊಣಕಾಲು ಮೀರಿದ್ದರೆ, ಅಥವಾ ನಿನ್ನ ಕಾಲನ್ನೇ ಎಳೆಯುತ್ತಿದ್ದರೆ, ಈಚೆ ದಡದಲ್ಲಿಯೇ ಕಾಯುವುದು ಮೇಲು. ದಾಟುವುದಾದರೆ ಲೋ ಒಂದರಲ್ಲಿ, ಗೇರ್ ಬದಲಿಸದೆ, ಬಂಪರಿನ ಮುಂದೆ ಸಣ್ಣ ಅಲೆಯೊಂದು ಸರಿಯುವಷ್ಟು ನಿಧಾನವಾಗಿ ಹೋಗು. ನೀರಿನೊಳಗೆ ಕ್ಲಚ್ ತುಳಿದರೆ ಪ್ಲೇಟುಗಳ ನಡುವೆ ನೀರು ಹೊಕ್ಕು ಅದು ಜಾರತೊಡಗಬಹುದು. ನಡುನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಕೀಲಿ ತಿರುಗಿಸಬೇಡ; ಗಾಳಿಯ ದಾರಿಯಲ್ಲಿ ನೀರು ಒಳಹೊಕ್ಕಿದ್ದರೆ ಪಿಸ್ಟನ್ನಿಗೆ ಅದನ್ನು ಅದುಮಲಾಗದೆ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಮನೆಗೆ ಬಂದ ಮೇಲೆ ಡಿಫರೆನ್ಶಿಯಲ್ಲಿನ (ಅಚ್ಚಿನ ನಡುವೆ ಎರಡೂ ಚಕ್ರಗಳಿಗೆ ಬಲ ಹಂಚುವ ಗೇರುಪೆಟ್ಟಿಗೆಯ) ಎಣ್ಣೆ ನೋಡಿಸು. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ.

ಇನ್ನುಳಿದವು ಸಣ್ಣ ಮಾತುಗಳು. ಖಾಲಿ ಪಿಕಪ್ಪಿನ ಹಿಂಬದಿ ಹಗುರವಾದ್ದರಿಂದ ಹಿಂಚಕ್ರದ ಅಚ್ಚಿನ ಮೇಲೆ ಎರಡು ಮೂರು ಮರಳಿನ ಮೂಟೆ ಹಾಕಿ ಕಟ್ಟಿಕೋ. ಕೆಸರಿಗೆ ಇಳಿಯುವ ಮುನ್ನ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ, ಆದರೆ ಹೊರೆ ಇರುವಾಗ ಬೇಡ, ಡಾಂಬರಿಗೆ ಬಂದ ಮೇಲೆ ತುಂಬಿಸುವ ಪಂಪು ಇಲ್ಲದಿದ್ದರಂತೂ ಬೇಡವೇ ಬೇಡ. ಸ್ಟೇರಿಂಗಿನ ಕಡ್ಡಿಗಳೊಳಗೆ ಹೆಬ್ಬೆರಳು ಸಿಕ್ಕಿಸಬೇಡ. ಕಲ್ಲಿಗೆ ಚಕ್ರ ಬಡಿದಾಗ ಅದು ತಿರುಗಿ ಹೊಡೆಯುವ ಪೆಟ್ಟಿಗೆ ನನ್ನ ಬಲಗೈ ಹೆಬ್ಬೆರಳು ಇಂದಿಗೂ ಸಾಕ್ಷಿ. ಒಂದು ಹಿಂಚಕ್ರ ಮಾತ್ರ ಸುಮ್ಮನೆ ಸುತ್ತುತ್ತಿದ್ದರೆ ಹ್ಯಾಂಡ್‌ಬ್ರೇಕನ್ನು ಎರಡು ಹಲ್ಲಿನಷ್ಟು ಎಳೆದು ನೋಡು, ಬಲ ಇನ್ನೊಂದು ಚಕ್ರಕ್ಕೆ ಹೋಗಿ ಕೆಲವೊಮ್ಮೆ ಗಾಡಿ ಎದ್ದುಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಇನ್ನಷ್ಟು ಸುತ್ತಿಸಿ ಗುಂಡಿ ತೋಡಬೇಡ. ಇಳಿದು, ಚಕ್ರದ ಮುಂದಿನ ಕೆಸರು ಕೆರೆದು, ಗೋಣಿಚೀಲವನ್ನೋ ಸೊಪ್ಪನ್ನೋ ಕೊಡು. ಹಗ್ಗ ಕಟ್ಟಿ ಎಳೆಸುವುದಾದರೆ ಬಂಪರಿಗೆ ಕಟ್ಟದೆ ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಕಟ್ಟು, ಆಳುಗಳನ್ನು ಹಗ್ಗದ ಹತ್ತಿರ ನಿಲ್ಲಗೊಡಬೇಡ.

ಜೂನ್ ಮೊದಲ ಭಾನುವಾರ ಬಿಡುವಿದ್ದರೆ ಗಾಡಿ ತೆಗೆದುಕೊಂಡು ಇಲ್ಲಿಗೆ ಬಾ. ಕೆಸರಿನಲ್ಲಿ ಹಿಡಿತಕ್ಕೆಂದು ಟೈರಿಗೆ ಸುತ್ತುವ ನನ್ನ ಜೀಪಿನ ಚೈನು ಅಟ್ಟದ ಮೇಲಿದೆ. ನಿನ್ನ ಟೈರಿಗೆ ಹೊಂದುತ್ತದೆಯೋ ಇಲ್ಲವೋ ಅಳೆದು ನೋಡೋಣ. ಅಕ್ಕನಿಗೆ ಈ ವರ್ಷದ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆಂದು ನಿನ್ನ ಅತ್ತೆ ಬರೆಯಲು ಹೇಳಿದಳು.

ಇಂತು ನಿನ್ನ ಶ್ರೇಯೋಭಿಲಾಷಿ,
ಮಾವ