ವೋಸ್ಟಾಕ್ ಕಿಟ್ ಬರೋದ್ರೊಳಗೆ ಒಂದೆರಡು ಮಾತು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಸುದ್ದಿ ನಿಮ್ಮಪ್ಪ ಫೋನಲ್ಲಿ ಹೇಳ್ದ. ಬಾಹ್ಯಾಕಾಶಕ್ಕೆ ಎಲ್ಲರಿಗಿಂತ ಮೊದಲು ಹೋದ ಗಗಾರಿನ್ನನ ವೋಸ್ಟಾಕ್ ರಾಕೆಟ್ಟಿನ ಮಾದರಿ ಜೋಡಿಸೋ ಹೊಸ ಕಿಟ್ ಬರುತ್ತಂತೆ, 1/72 ಸ್ಕೇಲಂತೆ (ನಿಜದ್ದರ 72ರಲ್ಲಿ ಒಂದು ಭಾಗ), ತಾರೀಕು ಎರಡು ಸಲ ಮುಂದಕ್ಕೆ ಹೋಯ್ತಂತೆ, ಅದಕ್ಕೆ ನೀನು ತಟ್ಟೆ ಮುಂದೆ ಕೂತಾಗ್ಲೂ ಮೊಬೈಲ್ ಬಿಡಲ್ಲ ಅಂತ. ಅವನಿಗೆ ಅದು ಆಟದ ಸಾಮಾನು. ವಾಚ್ ಡಯಲ್ ಮೇಲೆ ಅಂಕಿ ಕೂರಿಸ್ಕೊಂಡೇ ಸರ್ವೀಸ್ ಮುಗಿಸಿದ ನಂಗೆ ಹಂಗನ್ಸಲ್ಲ, ಅದಕ್ಕೇ ಈ ಕಾಗದ. ಉದ್ದ ಆಗುತ್ತೆ, ಬೈಕೋಬೇಡ.

ಮೊದಲ್ನೇದಾಗಿ, ಬಾಕ್ಸ್ ಮೇಲಿನ ಚಿತ್ರ ನೋಡಿ ಈಗ್ಲೇ ಪೇಂಟ್ ತಂದಿಟ್ಕೋಬೇಡ. ಯಾವ ರಾಕೆಟ್ ಮಾಡ್ತೀಯ ಅಂತ ತೀರ್ಮಾನ ಮಾಡ್ಕೋ. ವೋಸ್ಟಾಕ್ ಅಂದ್ರೆ ಒಂದೇ ಅಲ್ವಾ ಅಂತೀಯ, ಅಲ್ಲ. ಗಗಾರಿನ್ ಹಾರಿದ್ದು 1961ರ ಏಪ್ರಿಲ್ 12, ಆದ್ರೆ ಆ ರಾಕೆಟ್ ಇಡಿಯಾಗಿ ಹೆಂಗಿತ್ತು ಅಂತ ಹೊರಗಿನ ಜನ ಕಣ್ಣಾರೆ ನೋಡಿದ್ದು 1967ರಲ್ಲಿ, ಪ್ಯಾರಿಸ್ ಏರ್ ಶೋಗೆ ತಂದು ನಿಲ್ಲಿಸಿದಾಗ. ಆರು ವರ್ಷ ಗುಟ್ಟು! ಅದನ್ನ ಮಾಡಿದ ಕೊರೊಲೆವ್ ಹೆಸರೇ ಆತ 1966ರಲ್ಲಿ ಸತ್ತ ಮೇಲೆ ಹೊರಗೆ ಬಂತು ಅಂದ್ಮೇಲೆ ರಾಕೆಟ್ ತೋರಿಸ್ತಾರಾ. ಅಲ್ಲೀವರೆಗೂ ಚಿತ್ರ ಬರೆಯೋರೆಲ್ಲ ಊಹೆ ಮೇಲೆ ಬರೀತಿದ್ರು. ಆಮೇಲೆ ತೋರಿಸಿದ್ದು ಪ್ರದರ್ಶನಕ್ಕೆ ಅಂತ ಬೆಳ್ಳಗೆ ಬಳಿದಿದ್ದು, ಮದುವೆ ಮನೆಗೆ ಸುಣ್ಣ ಹೊಡ್ದಂಗೆ. ಹಾರಿದ್ದು ಬೂದಿ ಮಿಶ್ರಿತ ಹಸಿರು, ನಮ್ಮ ಹಳೇ ಬೀರುವಿನ ಬಣ್ಣದ ಥರ.

ಆದ್ರೆ ಹಾರೋ ಹೊತ್ತಿನ ಫೋಟೋದಲ್ಲಿ ಮೇಲ್ಭಾಗ ಬೆಳ್ಳಗೇ ಕಾಣುತ್ತಲ್ಲ ಅಂತೀಯ. ಅದು ಪೇಂಟಲ್ಲ, ಹಿಮ. ಬೂಸ್ಟರ್ ಅಂದ್ರೆ ಮಧ್ಯದ ರಾಕೆಟ್ಟಿನ ಸುತ್ತ ಕಟ್ಟಿರೋವು, ಅದರೊಳಗೆ ಮೇಲಿನ ಟ್ಯಾಂಕಲ್ಲಿ ಲಿಕ್ವಿಡ್ ಆಕ್ಸಿಜನ್, ಮೈನಸ್ 183 ಡಿಗ್ರಿದು, ಕೆಳಗಿನ ಟ್ಯಾಂಕಲ್ಲಿ ಸೀಮೆಎಣ್ಣೆ. ಫ್ರಿಜ್ಜಿಂದ ತೆಗೆದ ಬಾಟಲಿ ಮೈ ಬೆವರುತ್ತಲ್ಲ, ಅದೇ ಇಲ್ಲಿ ಬೆವರಾಗೋ ಬದಲು ಮಂಜುಗಡ್ಡೆಯಾಗಿ ಅಂಟ್ಕೊಳ್ಳುತ್ತೆ, ಸೀಮೆಎಣ್ಣೆ ಭಾಗ ಹಸಿರಾಗೇ ಉಳಿಯುತ್ತೆ. ಹಂಗಾಗಿ ನಿಂಗೆ ಮೂರು ದಾರಿ. ಪ್ಯಾರಿಸ್ಸಿನ ಬಿಳೀದು, ಟ್ಯಾಂಕ್ ತುಂಬೋಕೆ ಮುಂಚಿನ ಹಸಿರು, ಇಲ್ಲಾ ಆ ಬೆಳಗ್ಗೆದು, ಮಾಸ್ಕೋ ಟೈಮ್ 9 ಗಂಟೆ 7 ನಿಮಿಷ, ನಮ್ಮ ಗಡಿಯಾರದಲ್ಲಿ 11:37. ನಾನಾಗಿದ್ರೆ ಮೂರನೇದು. ಕಷ್ಟ ಇದೆ, ಹಿಮದ ಅಂಚು ಗೆರೆ ಎಳ್ದಂಗೆ ಇರಬಾರ್ದು, ಸ್ಪಂಜಿನ ಚೂರಲ್ಲಿ ಒತ್ತಿ ಒತ್ತಿ ತರ್ಬೇಕು. ಐಸ್‌ಕ್ರೀಂ ಅಂಗಡಿ ಪ್ಲಾಸ್ಟಿಕ್ ಚಮಚ ಒಂದಿಪ್ಪತ್ತು ಇಟ್ಕೊಂಡು ಅದರ ಬೆನ್ನ ಮೇಲೆ ಈಗ್ಲೇ ಶುರು ಮಾಡು. ಮಳೆ ದಿನ ಸ್ಪ್ರೇ ಮುಟ್ಬೇಡ, ಪೇಂಟ್ ಮೇಲೆ ಹಾಲು ಚೆಲ್ಲಿದಂಗೆ ಮಬ್ಬು ಬರುತ್ತೆ.

ಜಾಯಿಂಟಿನ ಗೆರೆಗೆ ಪುಟ್ಟಿ ಹಾಕಿ ನೀರು ಹಚ್ಚಿದ ಎಮರಿ ಪೇಪರಲ್ಲಿ ಉಜ್ಬೇಕು. (ಪುಟ್ಟಿಗೇ ಪುಟ್ಟಿ ಹಾಕೋದು ಹೇಳ್ಕೊಡ್ತಿದೀನಿ ನೋಡು.)

ತಾಳ್ಮೆ ಕೆಡೋದು ಬುಡದಲ್ಲಿ. ತಿರುಗಿಸಿ ಎಣಿಸು, ಮಧ್ಯದ್ದೊಂದು, ಸುತ್ತ ನಾಲ್ಕು ಬೂಸ್ಟರ್, ಒಂದೊಂದಕ್ಕೂ ನಾಲ್ಕು ದೊಡ್ಡ ನಾಜಲ್ (ಬೆಂಕಿ ಹೊರಬರೋ ಬಾಯಿ) ಅಂದ್ರೆ 20, ಜೊತೆಗೆ ದಿಕ್ಕು ತಿರುಗಿಸೋಕೆ ಚಿಕ್ಕವು 12. ಒಟ್ಟು 32. ಒಂದೇ ದೊಡ್ಡ ಚೇಂಬರ್ ಮಾಡಿದ್ರೆ ಒಳಗೆ ಉರಿ ಸಮವಾಗಿ ನಿಲ್ತಿರ್ಲಿಲ್ಲ, ಅದಕ್ಕೆ ಒಂದು ಪಂಪಿಗೆ ನಾಲ್ಕು ಚಿಕ್ಕ ಚೇಂಬರ್ ಕಟ್ಟಿದ್ರು. 32ನ್ನೂ ಒಂದೇ ರಾತ್ರಿ ಮುಗಿಸ್ತೀನಿ ಅಂತ ಹೋಗ್ಬೇಡ, ದಿನಕ್ಕೆ ನಾಲ್ಕು ಸಾಕು. ನಾನು ಡಯಲ್ ಸೆಕ್ಷನ್ನಲ್ಲಿ ಕೆಡಿಸಿದ್ದೆಲ್ಲ ಶಿಫ್ಟಿನ ಕೊನೇ ಅರ್ಧ ಗಂಟೇಲೇ. ಮೇಲಿನ ಹಂತಕ್ಕೂ ಮಧ್ಯದ್ದಕ್ಕೂ ನಡುವೆ ಸಣ್ಣ ಕಡ್ಡಿಗಳ ಜಾಲರಿ ಇರುತ್ತೆ, ಕೆಳಗಿನ ಇಂಜಿನ್ ಆರೋಕೆ ಮುಂಚೆನೇ ಮೇಲಿಂದು ಹೊತ್ಕೊಳ್ಳೋದ್ರಿಂದ ಬೆಂಕಿ ಹೊರಗೆ ಹೋಗೋಕೆ ಬಿಟ್ಟ ಜಾಗ ಅದು, ಅದನ್ನ ನೇಲ್ ಕಟರ್ ಹಾಕಿ ಕತ್ತರಿಸ್ಬೇಡ ಮಾರಾಯ್ತಿ, ಪಟ್ ಅಂತ ಮುರಿಯುತ್ತೆ.

ದುಡ್ಡಿನ ವಿಷಯ. ಪೂರ್ತಿ ಅಡ್ವಾನ್ಸ್ ಕೊಡ್ಬೇಡ. ನಾನೊಂದು ಸಲ ಒಬ್ಬ ಮಾರೋನಿಗೆ ಮೊದ್ಲೇ ಎಲ್ಲಾ ಕಟ್ಟಿ, ಏಳು ತಿಂಗ್ಳು ಕಾದು, ಬಂದ ಬಾಕ್ಸನ್ನ ಶೋಕಿಗೆ ಬೀರು ಮೇಲಿಟ್ಟು, ಮುಂದಿನ ವರ್ಷ ತೆಗೆದ್ರೆ ಒಂದು ರೆಕ್ಕೆಯ ಅರ್ಧವೇ ಇಲ್ಲ. ಕೇಳಿದ್ರೆ ಈಗ ಬಂದು ಹೇಳ್ತೀರಲ್ಲ ಸಾರ್ ಅಂದ. ಬಾಕ್ಸ್ ಬಂದ ದಿನಾನೇ ಸ್ಪ್ರೂ (ಬಿಡಿ ಭಾಗಗಳು ಅಂಟ್ಕೊಂಡಿರೋ ಚೌಕಟ್ಟು) ಒಂದೊಂದೂ ತೆಗೆದು ಲೆಕ್ಕ ಹಾಕು.

ಕೊನೇದು, ನಿಲ್ಲಿಸೋದು ಹೆಂಗೆ ಅಂತ. ಹೈಸ್ಕೂಲಲ್ಲಿ ನೋಟ್‌ಬುಕ್ಕಿಗೆ ಬೈಂಡ್ ಹಾಕೋಕೆ ಸೋವಿಯತ್ ಮ್ಯಾಗಜೀನಿನ ನುಣುಪು ಹಾಳೆ ಸಿಗ್ತಿತ್ತು. ನನ್ನ ಸೈನ್ಸ್ ನೋಟ್ಸಿಗೆ ಬಂದ ಹಾಳೇಲಿ ಈ ರಾಕೆಟ್ ಇತ್ತು, ಬಿಳೀದೇ. ಅದನ್ನ ನೋಡ್ಕೊಂಡು ಜೋಳದ ದಂಟು ಸುಲಿದು ಬೆಂಡಲ್ಲಿ ಮಾಡ್ದೆ, ನಾಲ್ಕು ಬೂಸ್ಟರಿಗೆ ಸಿಪ್ಪೆಯ ಕಡ್ಡಿ ಚುಚ್ಚಿ, ಮೇಲೆ ಸುಣ್ಣ. ಎಷ್ಟು ಸಲ ನಿಲ್ಸಿದ್ರೂ ವಾಲ್ತಿತ್ತು. ನಿಮ್ಮ ತಾತ ನೋಡೀ ನೋಡೀ ಬೇಸತ್ತು ಅದರ ಸೊಂಟಕ್ಕೆ ಹುರಿ ಕಟ್ಟಿ ಜಂತಿಗೆ ನೇತುಹಾಕಿಬಿಟ್ರು. ನಂಗೆ ಅಳುವೇ ಬಂತು, ರಾಕೆಟ್ಟನ್ನ ಯಾರಾದ್ರೂ ಈರುಳ್ಳಿ ಗೊಂಚಲಿನ ಥರ ನೇತುಹಾಕ್ತಾರಾ ಅಂತ.

ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು, ಅದು ಹಾರಿದ ಜಾಗ ಬೈಕನೂರಲ್ಲೂ ಅದು ಬುಡದ ಮೇಲೆ ನಿಲ್ತಿರ್ಲಿಲ್ಲ. ಮಲಗಿಸ್ಕೊಂಡೇ ಜೋಡಿಸಿ, ರೈಲಲ್ಲಿ ಮಲಗಿಸ್ಕೊಂಡೇ ತಂದು, ಎತ್ತಿ, ಸುತ್ತ ನಾಲ್ಕು ತೋಳು ಸೊಂಟ ಹಿಡ್ಕೊಂಡು ಗುಂಡಿ ಮೇಲೆ ತೂಗಾಡಿಸ್ತಿದ್ವು. ರಾಕೆಟ್ ಏಳ್ತಿದ್ದಂಗೆ ತೋಳುಗಳು ಹೂವಿನ ದಳದ ಥರ ಆಚೆ ಬಿಚ್ಕೊಳ್ಳೋವು, ಅಲ್ಲಿನವರು ಅದನ್ನ ಟ್ಯೂಲಿಪ್ ಅಂತಾನೇ ಕರೀತಾರೆ. 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಹೋಗಿದ್ದೂ ಇದೇ ವಂಶದ ರಾಕೆಟ್ಟಲ್ಲಿ, ಹಿಂಗೇ ಸೊಂಟದಲ್ಲಿ ತೂಗಾಡ್ಕೊಂಡು. ಅದಕ್ಕೇ ನಾಜಲ್ ಮೇಲೆ ಭಾರ ಬಿಟ್ಟು ಶೋಕೇಸಲ್ಲಿ ನಿಲ್ಲಿಸ್ಬೇಡ, 53 ಸೆಂಟಿಮೀಟರ್ ಉದ್ದದ್ದು, ಬಾಗಿಲು ತೆಗ್ದಾಗ್ಲೆಲ್ಲ ವಾಲುತ್ತೆ. ನಾಲ್ಕು ಹಿತ್ತಾಳೆ ಕಡ್ಡಿ ನಾನು ಬಗ್ಗಿಸಿ ಕೊಡ್ತೀನಿ, ಬೂಸ್ಟರ್ ತಲೆ ಮಧ್ಯದ್ದಕ್ಕೆ ಸೇರೋ ಜಾಗದ ಅಳತೆ ಮಾತ್ರ ಬರ್ದು ಕಳ್ಸು. ಅಂದಾಜಲ್ಲಿ ಹೇಳ್ಬೇಡ, ಬಾಕ್ಸ್ ಬಂದ್ಮೇಲೆ ಸ್ಕೇಲಿಟ್ಟು ನೋಡಿ ಹೇಳು. ಮಧ್ಯಾಹ್ನ ಫೋನ್ ಮಾಡ್ಬೇಡ, ಮಲಗಿರ್ತೀನಿ.

ಇಂತಿ ನಿನ್ನ
ದೊಡ್ಡಪ್ಪ