ಮಹಾರಾಷ್ಟ್ರದ ಜತ್ತ ತಾಲೂಕಿನ ಶಾಸಕರಿಗೆ: ನಮ್ಮ ಬೋರಿನ ನೀರನ್ನೂ ಪರೀಕ್ಷೆ ಮಾಡಿಸಿ

ಮಾನ್ಯ ಶಾಸಕ ಸಾಹೇಬರೇ, ನಮಸ್ಕಾರ.

ನಮ್ಮ ಬೋರಿನ ನೀರಿಗೆ ಓಣಿಯಲ್ಲೆಲ್ಲ ಒಳ್ಳೆಯ ಹೆಸರು. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬಿಡುತ್ತದೆ, ನಾಲಿಗೆಗೆ ಉಪ್ಪು ಹತ್ತುವುದಿಲ್ಲ. ಆ ನೀರನ್ನೇ ಒಂಬತ್ತು ವರ್ಷ ದಾಳಿಂಬೆಗೆ ಬಿಟ್ಟೆ. ಈಗ ಆ ಎರೆ ಹೊಲದಲ್ಲಿ ಮಳೆ ನೀರು ಇಂಗುವುದೇ ಇಲ್ಲ. ಮೂರು ದಿನ ರಾಡಿಯಾಗಿ ನಿಂತಿರುತ್ತದೆ. ಆರಿದ ಮೇಲೆ ನೆಲ ಕಲ್ಲಿನಂತೆ ಗಟ್ಟಿ. ಅಗೆದು ನೋಡಿದರೆ ಒಂದು ಗೇಣು ಕೆಳಗೆ ಮಣ್ಣು ಒಣಗಿಯೇ ಇರುತ್ತದೆ.

ಬೇಳೆ ಬೇಯಿಸುವ ಗುಣವೇ ಮಣ್ಣು ಕೆಡಿಸುವ ಗುಣ. ಈ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬನೇಟ್ ಜಾಸ್ತಿ. ಮಣ್ಣಿನ ಕಣಗಳನ್ನು ಒಟ್ಟಿಗೆ ಹಿಡಿದಿಡುವುದು ಕ್ಯಾಲ್ಸಿಯಂ. ಬೈಕಾರ್ಬನೇಟ್ ಅದನ್ನು ಸುಣ್ಣ ಮಾಡಿ ಕೂರಿಸಿಬಿಡುತ್ತದೆ, ಆ ಜಾಗಕ್ಕೆ ಸೋಡಿಯಂ ಬರುತ್ತದೆ. ಆಮೇಲೆ ಕಣಗಳು ಬಿಡಿಬಿಡಿಯಾಗಿ ನೀರಿಳಿಯುವ ಸಂದುಗಳನ್ನು ಮುಚ್ಚುತ್ತವೆ. ಎರೆ ಮಣ್ಣಿನಲ್ಲಿ ಜೇಡಿ ಜಾಸ್ತಿ, ಹಾಗಾಗಿ ಪೆಟ್ಟೂ ಜಾಸ್ತಿ.

ಮನೆಯಲ್ಲೇ ನೋಡಿದೆ. ಎರಡು ಗಾಜಿನ ಲೋಟದಲ್ಲಿ ಬ್ಯಾಟರಿಗೆ ಹಾಕುವ ನೀರು ತುಂಬಿದೆ. ಒಂದಕ್ಕೆ ಬೇವಿನ ಮರದ ಬದುವಿನ ಹೆಂಟೆ, ಇನ್ನೊಂದಕ್ಕೆ ದಾಳಿಂಬೆ ಸಾಲಿನ ಹೆಂಟೆ. ಬದುವಿನದು ಒಡೆದು ತಳಕ್ಕೆ ಕೂತಿತು, ನೀರು ತಿಳಿಯಾಗಿಯೇ ಇತ್ತು. ದಾಳಿಂಬೆ ಹೊಲದ್ದು ಸುತ್ತ ಹೊಗೆಯಂತೆ ಹರಡಿತು. ಮರುದಿನವೂ ನೀರು ಚಹಾದಂತೆ ಕದಡಿಯೇ ಇತ್ತು. ಕ್ಯಾಲ್ಸಿಯಂ ಇರುವ ಜಿಪ್ಸಂ ಪುಡಿ ಒಂದು ಚಿಟಿಕೆ ಹಾಕಿ ಕಲಕಿದೆ, ಸಂಜೆಗೆ ತಿಳಿಯಾಯಿತು.

ಸಾಹೇಬರೇ, 2015ರಿಂದ ಕೇಂದ್ರ ಸರಕಾರ ಮಣ್ಣು ಆರೋಗ್ಯ ಕಾರ್ಡ್ ಕೊಡುತ್ತಿದೆ. ಅದರಲ್ಲಿ 12 ಅಂಶಗಳಿವೆ. ಸಾರಜನಕದಿಂದ ಬೋರಾನ್ ತನಕ ಇದೆ, ಸೋಡಿಯಂ ಇಲ್ಲ. ಹಾಯಿಸುವ ನೀರಿನ ಮಾತಂತೂ ಇಲ್ಲವೇ ಇಲ್ಲ. ಕಾರ್ಡಿನ ಇಸಿ, ಅಂದರೆ ಒಟ್ಟು ಉಪ್ಪು ಎಷ್ಟಿದೆ ಎಂದು ತೋರಿಸುವ ಅಂಕಿ ನೋಡಿ "ಉಪ್ಪು ಕಡಿಮೆ, ಚಿಂತೆ ಬೇಡ" ಅಂತ ನನಗೂ ಹೇಳಿದರು. ಆದರೆ ಸೋಡಿಯಂ ಸೇರಿದ ಮಣ್ಣಿಗೆ ಉಪ್ಪು ಕಡಿಮೆ ಇರುವ ನೀರು ಬಿದ್ದಾಗಲೇ ಕಣಗಳು ಹೆಚ್ಚು ಬಿಡಿಯಾಗುವುದು. ಮಳೆ ನೀರೂ ಹಾಗೆಯೇ. ನಾಳೆ ಮ್ಹೈಸಾಳ ಯೋಜನೆಯ ಕಾಲುವೆ ನೀರು ಬಂದರೂ, ಮೊದಲು ಜಿಪ್ಸಂ ಹಾಕದೆ ಸುಮ್ನೆ ಬಿಟ್ಟರೆ ಇಂತಹ ಹೊಲ ಅದನ್ನು ಕುಡಿಯುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಪ್ರತಿ ಊರಿನ ಬೋರು, ಬಾವಿಗಳ ನೀರನ್ನು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್‌ಗಾಗಿ ಪರೀಕ್ಷೆ ಮಾಡಿಸಿ. ಬೈಕಾರ್ಬನೇಟಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳೆದು ಉಳಿಯುವ ಆರ್‌ಎಸ್‌ಸಿ ಎಂಬ ಲೆಕ್ಕ ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ದಾಟಿದರೆ ಆ ನೀರನ್ನು ಹಾಗೇ ಹಾಯಿಸಬಾರದು. ಅದನ್ನು ಒಂದು ಅಂಕಿ ಇಳಿಸಲು, ಎಕರೆಗೆ ಒಂದು ಇಂಚು ನೀರು ಹಾಯಿಸುವಾಗ ಸುಮಾರು 9 ಕೆಜಿ ಶುದ್ಧ ಜಿಪ್ಸಂ ಬೇಕು. ಪರೀಕ್ಷೆಯೇ ಇಲ್ಲದೆ ರೈತ ಎಷ್ಟು ಅಂತ ಹಾಕಬೇಕು? ಜಿಪ್ಸಂ ಮಳೆಗಾಲಕ್ಕೆ ಮುಂಚೆಯೇ ರಿಯಾಯಿತಿ ದರದಲ್ಲಿ ಸಿಗಲಿ. ತಗ್ಗಿನ ಹೊಲಗಳಿಗೆ ಬಸಿಗಾಲುವೆ ಆಗಲಿ. ಜಿಪ್ಸಂ ಹಾಕಿದಾಗ ಮಣ್ಣಿನಿಂದ ಬಿಟ್ಟ ಸೋಡಿಯಂ ಹೊರಗೆ ಹೋಗಲು ದಾರಿ ಬೇಕಲ್ವಾ?

ಇನ್ನೊಂದು ಮಾತು. ಪರೀಕ್ಷೆಯ ಫಲಿತಾಂಶ ಕನ್ನಡದಲ್ಲೂ ಬರಲಿ. ನಮ್ಮ ಓಣಿಯಲ್ಲಿ ಹೊಲಕ್ಕೆ ನೀರು ಬಿಡುವವರು ಹೆಚ್ಚಾಗಿ ಹಿರಿಯರು. ಅವರಲ್ಲಿ ತುಂಬಾ ಜನರಿಗೆ ಮರಾಠಿ ಓದಲು ಬರುವುದಿಲ್ಲ.

ಇಂತಿ,
ಜತ್ತ ತಾಲೂಕಿನ ಒಬ್ಬ ರೈತ