ವೇವ್‌ಸ್ಕೀಗೂ ನಿಯಮ, ನೆರವು ಬೇಕು

ಮಾನ್ಯ ಸಂಪಾದಕರೇ,

ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲು ಈಗ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಗಳ ತಾಣ. ಅದೇ ಉತ್ಸಾಹ ವೇವ್‌ಸ್ಕೀ ಎಂಬ ಅಲೆ ಸವಾರಿಯ ಕ್ರೀಡೆಯ ಕಡೆಗೂ ಹರಿಯಬೇಕು.

ಇದರಲ್ಲಿ ಹಲಗೆಯ ಮೇಲೆ ಎದ್ದು ನಿಲ್ಲಬೇಕಿಲ್ಲ, ಕುಳಿತೇ ಅಲೆಯೇರಬಹುದು. ಸೊಂಟಕ್ಕೊಂದು ಬೆಲ್ಟ್, ಪಾದಗಳಿಗೆ ಪಟ್ಟಿ, ಕೈಯಲ್ಲಿ ಎರಡೂ ತುದಿಗೆ ಅಲಗಿರುವ ಹುಟ್ಟು. ಮಗುಚಿದರೆ ಹುಟ್ಟಿನ ಬಲದಿಂದಲೇ ಮೇಲೇಳಬೇಕು, ಆಗದಿದ್ದರೆ ತಕ್ಷಣ ಬೆಲ್ಟ್ ಬಿಚ್ಚಿಕೊಳ್ಳಬೇಕು. ಬಕಲ್‌ನೊಳಗೆ ಮರಳು ಕೂತು ಅದು ಬಿಚ್ಚದಿದ್ದರೆ ಪ್ರಾಣಕ್ಕೇ ಕುತ್ತು. ನೀರಿಗಿಳಿಯುವ ಮುನ್ನ ಬೆಲ್ಟ್ ತಪಾಸಣೆ, ಹೆಲ್ಮೆಟ್, ಮಗುಚಿ ಏಳುವ ತರಬೇತಿ, ಇವನ್ನು ಸರ್ಫಿಂಗ್ ಫೆಡರೇಷನ್ ಆಫ್ ಇಂಡಿಯಾ ಕಡ್ಡಾಯ ಮಾಡಲಿ.

ಅಂತರರಾಷ್ಟ್ರೀಯ ಸರ್ಫಿಂಗ್ ಸಂಸ್ಥೆ 2015ರಲ್ಲಿ ಅಂಗವಿಕಲರಿಗಾಗಿ ವಿಶ್ವ ಚಾಂಪಿಯನ್‌ಷಿಪ್ ಆರಂಭಿಸಿತು. ಕುಳಿತು ಸವಾರಿ ಮಾಡುವವರಿಗೆ ಅಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಕಾಲಿನ ಶಕ್ತಿ ಕುಂದಿದ, ಆದರೆ ಕಡಲನ್ನು ಬಲ್ಲ ನಮ್ಮ ಕರಾವಳಿಯ ಯುವಜನರು ಅಲ್ಲಿಗೇಕೆ ಹೋಗಬಾರದು?

ವೇವ್‌ಸ್ಕೀ ಹಲಗೆಯು ಸವಾರನ ತೂಕ, ಕಾಲಿನ ಅಳತೆಗೆ ಹೊಂದಬೇಕು. ಬಡ ಕುಟುಂಬದವರು ಅದನ್ನು ಸ್ವಂತಕ್ಕೆ ಕೊಳ್ಳುವುದು ಕಷ್ಟ. ಕ್ರೀಡಾ ಇಲಾಖೆ ಬೇರೆ ಬೇರೆ ಅಳತೆಯ ಕೆಲವನ್ನಾದರೂ ಖರೀದಿಸಿ, ಅಭ್ಯಾಸಕ್ಕೆ ಉಚಿತವಾಗಿ ಒದಗಿಸಲಿ.

– ಕಡಲಪ್ರೇಮಿ, ಮೂಲ್ಕಿ